ವಚನದ ತಾಣಕ್ಕೆ ಬಾಗಿಲು ತೆರೆದಿರಲಿ
(ತಾಳ್ಯದಲ್ಲಿ ನೀಡಿದ ಉಪನ್ಯಾಸ)



ಸರ್ಕಾರಿ ಇಂಜಿನಿಯರಾಗಿದ್ದವನು ನಾನು. ಕಟ್ಟಡ ಕಂಡರೆ ಮೊದಲು ಬಾಗಿಲು ನೋಡುತ್ತೇನೆ. ಜಾಲತಾಣಕ್ಕೂ ಬಾಗಿಲುಂಟು. ವಚನದ ಪುಟವನ್ನು ಫೋಟೊ ತೆಗೆದು ಹಾಕಿದರೆ ಅದು ಮುಚ್ಚಿದ ಬಾಗಿಲು: ಪದ ಹುಡುಕಿದರೆ ಸಿಗದು, ಕಣ್ಣು ಕಾಣದವರಿಗೆ ಫೋನು ಓದಿ ಹೇಳದು, ಸಿಗ್ನಲ್ ಕಡಿಮೆಯಿದ್ದರೆ ಬೇಗ ತೆರೆಯದು. ಅದನ್ನೇ ಯೂನಿಕೋಡ್ ಅಕ್ಷರದಲ್ಲಿ ಟೈಪು ಮಾಡಿದರೆ ಮೂರೂ ತೊಂದರೆ ನೀಗುತ್ತವೆ. ‘ವಚನ ಸಂಚಯ’ ತಾಣದಲ್ಲಿ 20,000ಕ್ಕೂ ಹೆಚ್ಚು ವಚನಗಳು ಹೀಗೆಯೇ ಇವೆ. ‘ಕಾಯಕ’ ಎಂದು ಬರೆದರೆ ಆ ಪದವಿರುವ ವಚನಗಳೆಲ್ಲ ಎದುರಿಗೆ ಬರುತ್ತವೆ.

ಕೇಸರಿಯ ಮೇಲೆ ಹಳದಿ ಅಕ್ಷರ ಬೇಡ. ಬಿಳಿಯ ಮೇಲೆ ಕಪ್ಪು, ದಪ್ಪಕ್ಷರ ಸಾಕು.

ಅನುಭವ ಮಂಟಪ ಯಾರ ಜಾತಿಯನ್ನೂ ಕೇಳಲಿಲ್ಲ. ನಮ್ಮ ತಾಣ ಫೋನಿನ ಬೆಲೆ ಕೇಳಬಾರದು. ಮಠದ ತಾಣ ಸಿದ್ಧವಾದಾಗ, ಒಪ್ಪುವ ಮೊದಲು ಊರಿನ ಅಜ್ಜಿಯೊಬ್ಬರ ಹಳೆ ಫೋನಿನಲ್ಲಿ ತೆರೆದು ನೋಡಿ.