ಗಂಟೆಯೂ ನಕ್ಷತ್ರವೂ

ಕನ್ನಡದಲ್ಲಿ ಗಂಟೆ ಎಂದರೆ ದೇವಾಲಯದಲ್ಲಿ ನಾದಗೈಯುವ ವಸ್ತುವೂ ಹೌದು, ಕಾಲದ ಅಳತೆಯೂ ಹೌದು. ಇಂಗ್ಲಿಷಿನ ‘ಕ್ಲಾಕ್’ ಪದಕ್ಕೆ ಮೂಲವಾದ ಮಧ್ಯಯುಗದ ಲ್ಯಾಟಿನ್ ಶಬ್ದ ‘ಕ್ಲೊಕ್ಕಾ’ದ ಅರ್ಥವೂ ಗಂಟೆಯೇ. ಗಡಿಯಾರದ ಮುಳ್ಳನ್ನು ಕಣ್ಣಿನಿಂದ ನೋಡುವುದಕ್ಕೆ ಬಹು ಮೊದಲೇ ಜನರು ಹೊತ್ತನ್ನು ಕಿವಿಯಿಂದ ಕೇಳಿ ತಿಳಿಯುತ್ತಿದ್ದರು. ಆದರೆ ಗಂಟೆ ಬಾರಿಸುವವನಿಗೆ ಹೊತ್ತು ತಿಳಿಸುವವರು ಯಾರು? ಯೂರೋಪಿನ ಕ್ರೈಸ್ತ ಮಠಗಳ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಉತ್ತರವಿದೆ.

ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟನು ರಚಿಸಿದ ನಿಯಮಾವಳಿಯಂತೆ ಸನ್ಯಾಸಿಗಳು ನಡುರಾತ್ರಿ ಕಳೆದ ಮೇಲೆ ಎದ್ದು ಪ್ರಾರ್ಥನೆಗೆ ಸೇರಬೇಕು. ಎಬ್ಬಿಸುವವನ ಅಲಕ್ಷ್ಯದಿಂದ ತಡವಾದರೆ ಅವನು ಪ್ರಾರ್ಥನಾಮಂದಿರದಲ್ಲೇ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು. ಅದೇ ಶತಮಾನದಲ್ಲಿ ಟೂರ್ಸ್ ನಗರದ ಬಿಷಪ್ ಗ್ರೆಗೊರಿಯು ಯಾವ ತಿಂಗಳಲ್ಲಿ ಯಾವ ನಕ್ಷತ್ರ ಮೂಡಿದಾಗ ಏಳಬೇಕು, ಬೆಳಗಾಗುವುದರೊಳಗೆ ಎಷ್ಟು ಕೀರ್ತನೆಗಳನ್ನು ಹಾಡಬಹುದು ಎಂದು ತಿಳಿಸುವ ಒಂದು ಕೈಪಿಡಿಯನ್ನೇ ಬರೆದನು. ಎಲ್ಲರ ನಿದ್ದೆಯೂ ಒಬ್ಬನ ಎಚ್ಚರವನ್ನು ನಂಬಿತ್ತು.

ಆ ಎಚ್ಚರವನ್ನು ಯಂತ್ರಕ್ಕೆ ಒಪ್ಪಿಸಲು ಹೊರಟವರಲ್ಲಿ ವಾಲಿಂಗ್‌ಫರ್ಡಿನ ರಿಚರ್ಡ್ ಪ್ರಮುಖನು. ಕಮ್ಮಾರನ ಮಗನಾದ ಈತ 1327ರಲ್ಲಿ ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಮಠದ ಅಧಿಪತಿಯಾದನು. ಕುಷ್ಠರೋಗ ಅವನನ್ನು ಕಾಡುತ್ತಿತ್ತು. ಅವನು ಯೋಜಿಸಿದ ಗಡಿಯಾರ ಹೊತ್ತನ್ನಷ್ಟೇ ಅಲ್ಲ, ಚಂದ್ರನ ವೃದ್ಧಿಕ್ಷಯಗಳನ್ನೂ ಗ್ರಹಣಗಳನ್ನೂ ಲಂಡನ್ ಸೇತುವೆಯ ಬಳಿಯ ಉಬ್ಬರವಿಳಿತವನ್ನೂ ತೋರಿಸುವಂಥದು. ಮಂದಿರ ಶಿಥಿಲವಾಗಿರುವಾಗ ಗಡಿಯಾರಕ್ಕೇಕೆ ಇಷ್ಟು ವೆಚ್ಚವೆಂದು ದೊರೆ ಮೂರನೆಯ ಎಡ್ವರ್ಡ್ ಆಕ್ಷೇಪಿಸಿದನಂತೆ. ಗೋಡೆ ಕಟ್ಟುವ ಅಧಿಪತಿಗಳು ಮುಂದೆ ಎಷ್ಟೋ ಜನ ಬಂದಾರು, ಈ ಕೆಲಸ ಮುಗಿಸಬಲ್ಲವರು ಬರಲಾರರು ಎಂಬುದು ರಿಚರ್ಡನ ಉತ್ತರ. 1336ರಲ್ಲಿ ಅವನು ತೀರಿಕೊಂಡನು. 1539ರಲ್ಲಿ ಮಠವೇ ಮುಚ್ಚಿತು, ಬಳಿಕ ಗಡಿಯಾರವೂ ಅಳಿಯಿತು. ಅವನ ಬರಹವೊಂದು ಉಳಿದುದರಿಂದ ಇಂದು ಅದರ ಪ್ರತಿಕೃತಿಯನ್ನು ಕಾಣಬಹುದಾಗಿದೆ.

ಯಂತ್ರ ಬಂದರೂ ಆಕಾಶ ನೋಡುವವನ ಕೆಲಸ ತೀರಲಿಲ್ಲ. ಆಸ್ಟ್ರಿಯದ ಕ್ರೆಮ್ಸ್‌ಮ್ಯೂನ್‌ಸ್ಟರ್ ಮಠದವರು 1749ರಿಂದ 1758ರವರೆಗೆ ದುಡಿದು ಸುಮಾರು 50 ಮೀಟರ್ ಎತ್ತರದ ವೀಕ್ಷಣಾಗೋಪುರವನ್ನು ಕಟ್ಟಿಸಿದರು. 1781ರಲ್ಲಿ ಹರ್ಷೆಲ್ ಕಂಡುಹಿಡಿದ ಯುರೇನಸ್ಸಿನ ಕಕ್ಷೆಯನ್ನು ಮೊದಮೊದಲು ಲೆಕ್ಕಹಾಕಿದವರಲ್ಲಿ ಅಲ್ಲಿಯ ಸನ್ಯಾಸಿ ಪ್ಲಾಸಿಡಸ್ ಫಿಕ್ಸಲ್‌ಮಿಲ್ನರ್ ಒಬ್ಬನು. 1760ರ ದಶಕದಲ್ಲಿ ಆರಂಭವಾದ ಹವಾಮಾನದ ದಾಖಲೆ ಆ ಗೋಪುರದಲ್ಲಿ ಈಗಲೂ ಮುಂದುವರಿದಿದೆ.

ಗೋಪುರದ ಗಡಿಯಾರ ಊರಿಗೆ ಹೊತ್ತು ಹೇಳುತ್ತದೆ. ಅದನ್ನು ತಿದ್ದುವುದು ಆಕಾಶ. ಪರಮಾಣು ಗಡಿಯಾರದ ಕಾಲದಲ್ಲೂ ಈ ಮಾತು ಸುಳ್ಳಾಗಿಲ್ಲ. ಭೂಮಿಯ ಆವರ್ತನೆಗೆ ಹೊಂದಿಸಲೆಂದು 1972ರಿಂದ 2016ರ ಕೊನೆಯವರೆಗೆ 27 ಬಾರಿ ಲೋಕದ ಕಾಲಮಾನಕ್ಕೆ ಒಂದೊಂದು ಸೆಕೆಂಡನ್ನು ಸೇರಿಸಲಾಯಿತು. ಯಂತ್ರಗಳಿಗೆ ತೊಡಕಾಗುವ ಈ ಪದ್ಧತಿಯನ್ನು 2035ರೊಳಗೆ ಸಡಿಲಿಸಬೇಕೆಂದು ರಾಷ್ಟ್ರಗಳು 2022ರಲ್ಲಿ ನಿಶ್ಚಯಿಸಿದವು. ಅನುಕೂಲಕ್ಕಾಗಿ ಕೈಗೊಂಡ ನಿರ್ಧಾರವಿದು, ತಪ್ಪೆನ್ನಲಾಗದು. ಆದರೂ ಎಲ್ಲರೂ ಮಲಗಿರುವಾಗ ನಕ್ಷತ್ರವೊಂದು ಮೂಡುವುದನ್ನೇ ಕಾದು ಕುಳಿತವನ ಎಚ್ಚರವನ್ನು ಯಾವ ಗಡಿಯಾರವೂ ನಮ್ಮ ಪರವಾಗಿ ಹೊರಲಾರದು.