ಉತ್ತರ ಹುಡುಕಿದ ನಾಲ್ವರು



ಚಿಕ್ಕಮಗಳೂರಿನ ಉಪಚುನಾವಣೆ ಎಂದರೆ ನಮ್ಮ ಹಿರಿಯರು ಇವತ್ತಿಗೂ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. 1978ರ ನವೆಂಬರ್. ಡಿ.ಬಿ. ಚಂದ್ರೇಗೌಡರು ತೆರವು ಮಾಡಿಕೊಟ್ಟ ಕ್ಷೇತ್ರ, ಎದುರಾಳಿ ವೀರೇಂದ್ರ ಪಾಟೀಲರು, ಇಂದಿರಾ ಗಾಂಧಿಯವರಿಗೆ 70 ಸಾವಿರಕ್ಕೂ ಹೆಚ್ಚು ಮತಗಳ ಗೆಲುವು. ಒಂದೂವರೆ ತಿಂಗಳೊಳಗೆ, ಡಿಸೆಂಬರ್ 19ರಂದು, ಲೋಕಸಭೆ ಅವರನ್ನು ಸದನದಿಂದ ಹೊರಹಾಕಿ ತಿಹಾರ್ ಜೈಲಿಗೆ ಕಳುಹಿಸಿತು. ಯಾವ ತಪ್ಪಿಗೆ ಎಂದು ಕೇಳಿದರೆ ಹೆಚ್ಚಿನವರು ತುರ್ತು ಪರಿಸ್ಥಿತಿ ಎನ್ನುತ್ತಾರೆ. ಅದಲ್ಲ. ನಾಲ್ವರು ಸರ್ಕಾರಿ ಅಧಿಕಾರಿಗಳಿಗೆ ಕೊಟ್ಟ ಕಿರುಕುಳಕ್ಕೆ.

ಆ ನಾಲ್ವರ ಕುರಿತು ಮಾತಾಡಲೆಂದೇ ನಾನು ಬಂದಿದ್ದೇನೆ.

1975ರ ಏಪ್ರಿಲ್. ಆಗ ಪ್ರಧಾನಿಯಾಗಿದ್ದ ಇಂದಿರಾ ಅವರ ಮಗ ಸಂಜಯ್ ಗಾಂಧಿಯವರ ಮಾರುತಿ ಕಂಪನಿಯ ಬಗ್ಗೆ ಲೋಕಸಭೆಯಲ್ಲಿ ಒಂದು ಪ್ರಶ್ನೆ ಬಂದಿತ್ತು. ವಿದೇಶಿ ಯಂತ್ರ ತರಿಸಿಕೊಳ್ಳಬಾರದೆಂಬ ಷರತ್ತಿನ ಮೇಲೆ ಸಿಕ್ಕಿದ್ದ ಪರವಾನಗಿ ಅದು. ಸದನದಲ್ಲಿ ಉತ್ತರ ಓದುವವರು ಮಂತ್ರಿಗಳು. ಆದರೆ ಆ ಉತ್ತರ ಹುಟ್ಟುವುದು ಬಹಳ ಕೆಳಗೆ, ಒಬ್ಬ ಉಪಕಾರ್ಯದರ್ಶಿಯ ಮೇಜಿನ ಮೇಲೆ. ಅವರು ಇನ್ನೊಂದು ಇಲಾಖೆಯವರನ್ನು ಕೇಳುತ್ತಾರೆ, ಆ ಇಲಾಖೆಯವರು ಮತ್ತೊಬ್ಬರನ್ನು. ಹೀಗೆ ವಿಚಾರಿಸಿದವರಲ್ಲಿ ಇಬ್ಬರು ಕೈಗಾರಿಕೆಗೆ ಸಂಬಂಧಿಸಿದ ಕಚೇರಿಗಳವರು, ಇನ್ನಿಬ್ಬರು ಯಂತ್ರೋಪಕರಣ ವ್ಯವಹಾರದ ಸರ್ಕಾರಿ ನಿಗಮದವರು. ಪ್ರಜೆಯ ಪ್ರತಿನಿಧಿ ಕೇಳಿದ್ದಕ್ಕೆ ನಿಜ ಹೇಳಲು ಹೊರಟಿದ್ದರು, ಅಷ್ಟೇ. ಸಿಬಿಐ ಅವರ ಮನೆಗಳ ಶೋಧಕ್ಕೆ ಬಂತು.

ಆಗ ಕೈಗಾರಿಕಾ ಮಂತ್ರಿಗಳಾಗಿದ್ದವರು ನಮ್ಮ ಮಣಿಪಾಲದ ಟಿ.ಎ. ಪೈ. ಪ್ರಧಾನಿ ಸಿಟ್ಟಾಗಿದ್ದನ್ನೂ, ತಮ್ಮೆದುರೇ ಸಿಬಿಐ ನಿರ್ದೇಶಕರಿಗೆ ಸೂಚನೆ ಹೋದದ್ದನ್ನೂ ಅವರು ಮುಂದೆ, ತುರ್ತು ಪರಿಸ್ಥಿತಿಯ ಅತಿರೇಕಗಳ ತನಿಖೆಗೆ ನೇಮಕವಾದ ಶಾ ಆಯೋಗದೆದುರು ಬಿಚ್ಚಿ ಹೇಳಿದರು. ಆ ಸಾಕ್ಷ್ಯಕ್ಕಾಗಿ ಪೈಯವರನ್ನು ನಾನು ಗೌರವಿಸುತ್ತೇನೆ. ಆದರೆ ಅವರು 1977ರವರೆಗೂ ಅದೇ ಸಂಪುಟದಲ್ಲಿದ್ದರು. ಸಮರ್ಥರೂ ಸಜ್ಜನರೂ ಆದ ಮಂತ್ರಿಯೇ ತನ್ನ ಕೈಕೆಳಗಿನವರನ್ನು ಕಾಪಾಡಲಾಗದೆ ಹೋದದ್ದು ನನ್ನನ್ನು ಕಾಡುತ್ತದೆ.

ದಿನಾಂಕವನ್ನು ದಯವಿಟ್ಟು ಗಮನಿಸಿ. ತುರ್ತು ಪರಿಸ್ಥಿತಿ ಬಂದದ್ದು ಜೂನ್ 25ಕ್ಕೆ. ಈ ಶೋಧ ಅದಕ್ಕೂ ಎರಡು ತಿಂಗಳು ಮೊದಲಿನದು. ಕೋರ್ಟು ತೆರೆದಿತ್ತು, ಪತ್ರಿಕೆಗಳಿಗೆ ಸೆನ್ಸಾರ್ ಇರಲಿಲ್ಲ, ಸಂಸತ್ತು ನಡೆಯುತ್ತಿತ್ತು. ಸೇಡಿಗೆ ವಿಶೇಷ ಕಾನೂನೇನೂ ಬೇಕಾಗಲಿಲ್ಲ. ದಿನನಿತ್ಯದ ಕಾನೂನು, ಒಂದು ಶೋಧನಾ ವಾರಂಟು, ಒಂದು ಎಫ್‌ಐಆರ್ ಸಾಕಾಯಿತು. ಹೊರಗಿನಿಂದ ನೋಡಿದವರಿಗೆ ಅದು ಭ್ರಷ್ಟಾಚಾರದ ತನಿಖೆಯಂತೆಯೇ ಕಾಣುತ್ತದೆ. ನಾಲ್ಕು ಮನೆಗಳ ಬೀರು ತೆಗೆಸಿದ ಸುದ್ದಿ ಹಬ್ಬಿದ ಮೇಲೆ, ಪಕ್ಕದ ಕೋಣೆಯ ಗುಮಾಸ್ತನಿಗೆ ಯಾರೂ ಬಾಯಿಬಿಟ್ಟು ಹೆದರಿಸಬೇಕಾಗಿಲ್ಲ. ಮುಂದಿನ ಕಡತವನ್ನು ಅವನೇ ಮೆಲ್ಲಗೆ ಮುಚ್ಚಿಡುತ್ತಾನೆ.

ಲೋಕಸಭೆಯ ಹಕ್ಕುಬಾಧ್ಯತಾ ಸಮಿತಿ ಇದನ್ನೆಲ್ಲ ಪರಿಶೀಲಿಸಿ, ಅಧಿಕಾರಿಗಳಿಗೆ ಅಡ್ಡಿ, ಬೆದರಿಕೆ, ಸುಳ್ಳು ಮೊಕದ್ದಮೆ ನಡೆದದ್ದು ನಿಜವೆಂದಿತು. ಅಲ್ಲಿಯವರೆಗೆ ಸರಿ. ಶಿಕ್ಷೆ ವಿಧಿಸುವಾಗ ಮಾತ್ರ ಆಗ ಅಧಿಕಾರದಲ್ಲಿದ್ದ ಜನತಾ ಸರ್ಕಾರ ಎಡವಿತು ಎಂಬುದು ನನ್ನ ಅಭಿಪ್ರಾಯ. ಚಿಕ್ಕಮಗಳೂರಿನ ಮತದಾರರು ಆಗಷ್ಟೇ ಆರಿಸಿ ಕಳುಹಿಸಿದ ಸದಸ್ಯೆಯನ್ನು ನ್ಯಾಯಾಲಯಕ್ಕೆ ಬಿಡದೆ, ತನ್ನದೇ ಬಹುಮತದಿಂದ ಜೈಲಿಗೆ ಹಾಕಿತು. ನ್ಯಾಯ ಜನರ ಕಣ್ಣಿಗೆ ಸೇಡಾಗಿ ಕಂಡಿತು. ಒಂದು ವಾರದ ಬಳಿಕ ಇಂದಿರಾ ಜೈಲಿನಿಂದ ಹೊರಬಂದಾಗ ಅನುಕಂಪವೆಲ್ಲ ಅವರ ಪಾಲಾಗಿತ್ತು. ಆ ನಾಲ್ವರ ಮಾತೇ ಇರಲಿಲ್ಲ.

1980ರಲ್ಲಿ ಇಂದಿರಾ ಮತ್ತೆ ಪ್ರಧಾನಿಯಾದರು. 1981ರ ಮೇ 7ರಂದು ಹೊಸ ಲೋಕಸಭೆ, ಈಗ ಅವರದೇ ಬಹುಮತದ ಸದನ, 1978ರ ಆ ನಿರ್ಣಯವನ್ನು ರದ್ದುಪಡಿಸಿತು.