ಮನೆಯ ನಿರ್ಮಲತೆಯೆಂಬ ನಿತ್ಯಕಾಯಕ

(ಮಹೋತ್ಸವದ ಶಿವಾನುಭವಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಶ್ರೀಗುರುವು ಪಾದಪೂಜೆಗೆ ದಯಮಾಡಿಸುವರೆಂದು ತಿಳಿದೊಡನೆ ಭಕ್ತನ ಮನೆಯಲ್ಲಿ ಉಂಟಾಗುವ ಸಂಭ್ರಮವನ್ನು ಎಲ್ಲರೂ ಬಲ್ಲರು. ಮೂರು ದಿನ ಮುಂಚಿತವಾಗಿಯೇ ಅಟ್ಟದ ಸಾಮಾನುಗಳು ಕೆಳಗಿಳಿಯುತ್ತವೆ. ಜಂತೆಯ ಇಲ್ಲಣವು ಉದುರುತ್ತದೆ, ಗೋಡೆಗಳಿಗೆ ಸುಣ್ಣವಾಗುತ್ತದೆ, ಹಂಡೆ ಕೊಡಗಳು ಹುಣಿಸೆಹಣ್ಣು ಬೂದಿಗಳಿಂದ ಬೆಳಗಲ್ಪಟ್ಟು ಥಳಥಳಿಸುತ್ತವೆ. ವರ್ಷದಿಂದ ಕಾಣದಿದ್ದ ಬೀಗದ ಕೈಯು ಪೆಟ್ಟಿಗೆಯ ಹಿಂದೆ ದೊರೆಯುತ್ತದೆ. ಮೂರನೆಯ ದಿನದ ಸಂಜೆಗೆ ಮನೆಯೇನೋ ಕನ್ನಡಿಯಂತಾಗುತ್ತದೆ. ಆದರೆ ಮನೆಯೊಡತಿಯು ಸೊಂಟ ಹಿಡಿದುಕೊಂಡು ಕುಳಿತಿರುತ್ತಾಳೆ. ಪಾದಪೂಜೆಯ ಹೊತ್ತಿಗೆ ಗುರುವಾಕ್ಯವನ್ನು ಸಾವಧಾನವಾಗಿ ಕೇಳುವಷ್ಟು ತ್ರಾಣವೂ ಆಕೆಯಲ್ಲಿ ಉಳಿದಿರುವುದಿಲ್ಲ. ಗುರುವು ತೆರಳಿದ ಕೆಲವು ತಿಂಗಳಲ್ಲಿಯೇ ಇಲ್ಲಣವು ಮರಳಿ ಜಂತೆಯನ್ನು ಸೇರುತ್ತದೆ.

ಈ ಸಂಭ್ರಮದಲ್ಲಿ ಭಕ್ತಿಯಿಲ್ಲವೆಂದು ಯಾರೂ ಹೇಳಲಾರರು. ಆದರೆ ವಿಚಾರಿಸತಕ್ಕ ಮಾತೊಂದುಂಟು. ಗುರುವಿನ ಆಗಮನವು ವರ್ಷಕ್ಕೊಮ್ಮೆ. ಇಷ್ಟಲಿಂಗವಾದರೋ ಪ್ರತಿನಿತ್ಯವೂ ಅದೇ ಮನೆಯಲ್ಲಿ ಪೂಜೆಗೊಳ್ಳುತ್ತಲಿದೆ. ವರ್ಷಕ್ಕೊಮ್ಮೆ ಬರುವವರಿಗಾಗಿ ಗುಡಿಸಲ್ಪಡುವ ನೆಲವು, ದಿನವೂ ಇರುವ ಲಿಂಗದೇವನಿಗಾಗಿ ಏಕೆ ಗುಡಿಸಲ್ಪಡಬಾರದು? ಆದಕಾರಣ ಮನೆಯ ನಿರ್ಮಲತೆಯು ಹಬ್ಬದ ಕೆಲಸವಲ್ಲ, ನಿತ್ಯಕಾಯಕವೆಂದು ತಿಳಿಯತಕ್ಕದ್ದು.

ಗುಡಿಸುವುದು ಕಾಯಕವಾಗಬಲ್ಲುದೇ ಎಂದು ಸಂದೇಹಪಡುವವರು ಹನ್ನೆರಡನೆಯ ಶತಮಾನದ ಶರಣೆ ಸತ್ಯಕ್ಕನನ್ನು ನೆನೆಯಲಿ. ಶಿವಭಕ್ತರ ಮನೆಯಂಗಳವನ್ನು ಗುಡಿಸುವುದೇ ಆಕೆಯ ಕಾಯಕವಾಗಿತ್ತೆಂದು ಪರಂಪರೆಯು ಹೇಳುತ್ತದೆ. ಕಸಬರಿಗೆಯನ್ನು ಹಿಡಿದ ಆ ಕೈಯೇ ಶಂಭುಜಕ್ಕೇಶ್ವರನ ಅಂಕಿತದಲ್ಲಿ ವಚನಗಳನ್ನು ನುಡಿಯಿತು. ಕಸ ತೆಗೆಯುವವರು ಕೀಳು, ಕಸ ಹಾಕುವವರು ಮೇಲು ಎಂಬ ಭಾವನೆಗೆ ಶರಣರ ಮಾರ್ಗದಲ್ಲಿ ಎಡೆಯಿಲ್ಲ. ಪಂಚಸೂತಕಗಳನ್ನು ನಿರಾಕರಿಸಿದ ಮಾರ್ಗವಿದು. ಇಲ್ಲಿ ನಿರ್ಮಲತೆಯೆಂದರೆ ಮನುಷ್ಯರನ್ನು ದೂರವಿಡುವ ಮಡಿಯಲ್ಲ, ಕೊಳೆಯನ್ನು ಮಾತ್ರ ದೂರವಿಡುವ ಅಭ್ಯಾಸ.

ಈ ಕಾಯಕದ ಪ್ರಮಾಣವೆಷ್ಟೆಂಬುದನ್ನು ಆಯ್ದಕ್ಕಿ ಲಕ್ಕಮ್ಮನ ಕಥೆಯಿಂದ ಅರಿಯಬಹುದು. ಪತಿಯಾದ ಮಾರಯ್ಯನು ಒಂದು ದಿನ ನಿತ್ಯದ ಅಳತೆಯನ್ನು ಮೀರಿ ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಹಿಂದಕ್ಕೆ ಸುರಿದು ಬರುವಂತೆ ಆಕೆಯು ತಿಳಿಹೇಳಿದಳು. ಅಂದಿನದು ಅಂದಿಗೆ, ನಾಳಿನದು ನಾಳೆಗೆ. ಅಕ್ಕಿಯ ವಿಷಯದಲ್ಲಿ ಸಲ್ಲುವ ಈ ನೀತಿಯು ಕಸದ ವಿಷಯದಲ್ಲಿಯೂ ಸಲ್ಲುತ್ತದೆ. ಇಂದಿನ ಕಸವನ್ನು ನಾಳೆಗೆ ಕೂಡಿಡುವುದೂ ಒಂದು ಬಗೆಯ ಸಂಗ್ರಹವೇ ಸರಿ. ಒಲೆಯ ಬಳಿ ಸಿಡಿದ ಎಣ್ಣೆಯು ಆಗಲೇ ಒರೆಸಿದರೆ ಒಂದು ಅರಿವೆಯ ತುಂಡಿಗೆ ಹೋಗುತ್ತದೆ. ತಿಂಗಳು ಬಿಟ್ಟರೆ ಹೊಗೆಯನ್ನೂ ಧೂಳನ್ನೂ ಕೂಡಿಕೊಂಡು ಅಂಟಿನಂತಾಗಿ, ಬಿಸಿನೀರು ಸೀಗೆಪುಡಿಗಳಿಂದ ಉಜ್ಜಿದರೂ ಬಿಡದು. ಬಚ್ಚಲಿನ ಗಡಸುನೀರಿನ ಕರೆಯೂ ಹಾಗೆಯೇ. ಕೆಲಸವು ಹೆಚ್ಚುವುದು ಕೊಳೆಯಿಂದಲ್ಲ, ಕಾಲಹರಣದಿಂದ.

ಇದು ಕೇವಲ ಅಂದಚೆಂದದ ಮಾತೆಂದು ಭಾವಿಸಲಾಗದು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಹೊತ್ತಿಗೆ ಹುಬ್ಬಳ್ಳಿ, ಬೆಂಗಳೂರುಗಳನ್ನೂ ಹೊಕ್ಕಿತು. ಮನೆಯಲ್ಲಿ ಇಲಿ ಬಿದ್ದಿತೆಂದರೆ ಜನರು ಊರನ್ನೇ ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಇಲಿಯ ಮೈಮೇಲಿನ ಚಿಗಟವೇ ಆ ರೋಗವನ್ನು ಮನುಷ್ಯನಿಗೆ ತರುವುದೆಂಬುದನ್ನು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂ 1898ರಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟನು. ಇಲಿಯನ್ನು ಮನೆಗೆ ಕರೆಯುವುದಾದರೂ ಯಾವುದು? ಮೊರದಿಂದ ಚೆಲ್ಲಿದ ಕಾಳು, ಮುಚ್ಚದ ಗಡಿಗೆ, ರಾತ್ರಿ ತೊಳೆಯದೆ ಬಿಟ್ಟ ಪಾತ್ರೆ. ಪ್ಲೇಗಿನ ಆ ಕಾಲವು ಕಳೆಯಿತು. ಆದರೆ ಉದಾಸೀನದ ಫಲವು ಕಳೆದಿಲ್ಲ. ಈಗ ಡೆಂಗ್ಯೂ ಜ್ವರವನ್ನು ಹರಡುವ ಸೊಳ್ಳೆಯು ಊರಾಚೆಯ ಕೆರೆಯಲ್ಲಿ ಹುಟ್ಟುವುದಿಲ್ಲ. ಮನೆಯ ತೊಟ್ಟಿ, ಡ್ರಮ್ಮು, ಹೂಕುಂಡದ ತಟ್ಟೆ, ಹಿತ್ತಲಿನ ಒಡೆದ ತೆಂಗಿನ ಚಿಪ್ಪುಗಳಲ್ಲಿ ನಿಂತ ತಿಳಿನೀರಿನಲ್ಲಿಯೇ ಹುಟ್ಟುತ್ತದೆ. ಬೆಚ್ಚನೆಯ ಕಾಲದಲ್ಲಿ ಮೊಟ್ಟೆಯು ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಮೊಟ್ಟೆಗಳು ನೀರಿನ ಅಂಚಿಗೆ, ಪಾತ್ರೆಯ ಒಳಮೈಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಆದುದರಿಂದ ನೀರು ಚೆಲ್ಲಿದರೆ ಸಾಲದು. ವಾರಕ್ಕೊಮ್ಮೆ ತೊಟ್ಟಿಯ ಒಳಮೈಯನ್ನು ತಿಕ್ಕಿ ತೊಳೆದು, ಮುಚ್ಚಿಡತಕ್ಕದ್ದು. ತೊಟ್ಟಿಲ ಕೂಸಿನ ಆರೋಗ್ಯವು ಆ ಅರ್ಧ ಗಳಿಗೆಯ ಕೆಲಸವನ್ನು ಅವಲಂಬಿಸಿದೆ.

ಹಾಗಾದರೆ ನಿತ್ಯದ ಕ್ರಮವೇನು? ಎದ್ದೊಡನೆ ಅವರವರ ಹಾಸಿಗೆಯನ್ನು ಅವರವರೇ ಕೊಡವಿ ಸುತ್ತಿಡಲಿ. ಕಿಟಕಿ ಬಾಗಿಲುಗಳು ತೆರೆಯಲಿ. ಅಂಗಳಕ್ಕೆ ನೀರು ಚಿಮುಕಿಸಿದ ಬಳಿಕ ಗುಡಿಸಿದರೆ ಧೂಳು ಎದ್ದು ಮತ್ತೆ ಮನೆಯೊಳಗೆ ಬಾರದು. ಮೇಲಿನಿಂದ ಕೆಳಕ್ಕೆ, ಒಳಗಿನಿಂದ ಹೊರಕ್ಕೆ ಎಂಬುದು ಗುಡಿಸುವವರ ಸೂತ್ರ. ಮೊದಲು ನೆಲ ಗುಡಿಸಿ ಆಮೇಲೆ ಗೂಡಿನ ಧೂಳು ಕೊಡವಿದರೆ ಒಂದೇ ಕೆಲಸವು ಎರಡಾಗುತ್ತದೆ. ಪೂಜೆಯ ಎಡೆಯಲ್ಲಿ ನಿನ್ನೆಯ ಪತ್ರಿಪುಷ್ಪಗಳು ಉಳಿಯದೆ ಗಿಡದ ಬುಡವನ್ನು ಸೇರಲಿ. ಒಲೆಯು ಆರಿದೊಡನೆ ಅದರ ಸುತ್ತಣ ಕಟ್ಟೆಯನ್ನು ಒರೆಸಲಿ. ಉಂಡವರು ತಮ್ಮ ತಟ್ಟೆಯನ್ನು ತಾವೇ ತೊಳೆದಿಡಲಿ. ರಾತ್ರಿ ಮಲಗುವ ಮುನ್ನ ಪಾತ್ರೆಗಳು ಬೆಳಗಿರಲಿ, ಆಹಾರವು ಮುಚ್ಚಿರಲಿ, ಒರೆಸಿದ ಅರಿವೆಯು ಮುದ್ದೆಯಾಗಿ ಬಿದ್ದಿರದೆ ಹರವಲ್ಪಟ್ಟಿರಲಿ. ಇದಲ್ಲದೆ ದಿನಕ್ಕೊಂದು ಎಡೆಯಂತೆ, ಇಂದು ಒಂದು ಕಿಟಕಿ, ನಾಳೆ ಒಂದು ಗೂಡು, ನಾಡಿದ್ದು ಒಂದು ಮೂಲೆ ಎಂದು ನೋಡಿಕೊಂಡರೆ, ತಿಂಗಳು ತುಂಬುವುದರೊಳಗೆ ಇಡೀ ಮನೆಯು ಯಾರಿಗೂ ಭಾರವಾಗದೆ ಶುದ್ಧವಾಗಿರುತ್ತದೆ.

ಕೊನೆಯದಾಗಿ, ಈ ಕಾಯಕವು ಯಾರದು? ಹಲವು ಮನೆಗಳಲ್ಲಿ ಇದಕ್ಕೆ ಉತ್ತರವು ಒಂದೇ: ಸೊಸೆಯದು. ಮನೆಯೆಲ್ಲರ ಕಸವು ಒಬ್ಬಳ ಪಾಲಿಗೆ ಬಂದಾಗ ಅದು ಕಾಯಕವಾಗದೆ ಬಿಟ್ಟಿಯ ಚಾಕರಿಯಾಗುತ್ತದೆ. ಮಠದ ಪಾಠಶಾಲೆಯ ಮಕ್ಕಳು ಬೆಳಗಿನ ಜಾವದಲ್ಲೆದ್ದು ತಮ್ಮ ಕೋಣೆಯನ್ನೂ ಅಂಗಳವನ್ನೂ ತಾವೇ ಗುಡಿಸುತ್ತಾರೆ. ಅದರಲ್ಲಿ ಯಾರಿಗೂ ನಾಚಿಕೆಯಿಲ್ಲ. ಅದೇ ಹುಡುಗನು ರಜೆಗೆ ಊರಿಗೆ ಹೋದಾಗ ಬಿಚ್ಚಿದ ಬಟ್ಟೆಯನ್ನು ಪಡಸಾಲೆಯಲ್ಲಿಯೇ ಬಿಟ್ಟು ತಾಯಿಯ ದಾರಿ ನೋಡಿದರೆ, ಮಠದಲ್ಲಿ ಕಲಿತುದು ಮಠದಲ್ಲಿಯೇ ಉಳಿಯಿತೆಂದು ತಿಳಿಯಬೇಕು. ಮನೆಯ ಯಜಮಾನನು ಒಂದು ದಿನ ತಾನಾಗಿ ಕಸಬರಿಗೆಯನ್ನು ಕೈಗೆತ್ತಿಕೊಂಡರೆ ಮಕ್ಕಳಿಗೆ ಬೇರೆ ಉಪದೇಶವು ಬೇಕಿಲ್ಲ. ಐದು ಮಂದಿಯಿರುವ ಮನೆಯಲ್ಲಿ ಒಬ್ಬೊಬ್ಬರು ಕಾಲು ಗಂಟೆ ಕೊಟ್ಟರೆ ಒಂದೂಕಾಲು ಗಂಟೆಯ ಕೆಲಸವಾಗುತ್ತದೆ. ಅದನ್ನೇ ಒಬ್ಬಳು ಮಾಡಿದರೆ ಆಕೆಯ ಪೂಜೆಯ ಹೊತ್ತೂ ವಿಶ್ರಾಂತಿಯ ಹೊತ್ತೂ ಹೋಗುತ್ತದೆ.

ಮುಂದಿನ ಸಲ ಶ್ರೀಗುರುವು ಪಾದಪೂಜೆಗೆ ದಯಮಾಡಿಸಿದಾಗ ಮೂರು ದಿನದ ಗದ್ದಲವಿಲ್ಲದೆ, ಅಂದಿನ ಅಂಗಳವನ್ನು ಅಂದು ಗುಡಿಸಿ, ಮನೆಯೊಡತಿಯೂ ಎಲ್ಲರೊಡನೆ ಕುಳಿತು ಗುರುವಾಕ್ಯವನ್ನು ಕೇಳುವಂತಾದರೆ, ಅದಕ್ಕಿಂತ ಮಿಗಿಲಾದ ಪಾದಕಾಣಿಕೆಯು ಬೇರೊಂದಿಲ್ಲ.